ಒಳ್ಳೆಯ ಕೆಲಸಕ್ಕೆ ಡಿಗ್ರಿ ಬೇಕೇ ಬೇಕೇ? ವಿದ್ಯಾರ್ಥಿಗಳು, ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಮನೆ ಮನೆಯಲ್ಲೂ ಇದೇ ಚರ್ಚೆ. ಅಪ್ಪ ಒಂದು ಹೇಳುತ್ತಾರೆ, ಬೆಂಗಳೂರಿನಲ್ಲಿರುವ ಚಿಕ್ಕಪ್ಪ ಇನ್ನೊಂದು ಹೇಳುತ್ತಾರೆ, ಮೊಬೈಲ್‌ನಲ್ಲಿ ಬರುವ ವಿಡಿಯೊಗಳು ‘ಡಿಗ್ರಿಯ ಕಾಲ ಮುಗಿಯಿತು’ ಎನ್ನುತ್ತವೆ. ವಿದ್ಯಾರ್ಥಿಗಳಿಗೆ ದಾರಿ ತೋರಿಸುವ ಕೆಲಸದಲ್ಲಿ ನನ್ನ ಕಿವಿಗೆ ಮತ್ತೆ ಮತ್ತೆ ಬೀಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ತಾಲ್ಲೂಕು ಕೇಂದ್ರಗಳ, ಹಳ್ಳಿಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ನೇಮಕಾತಿಯ ನಿಯಮಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ಮುನ್ನ ಆ ವರ್ಷದ ಅಧಿಸೂಚನೆಯನ್ನು ಓದಿಯೇ ಮುಂದುವರಿಯಿರಿ.

ಸುತ್ತಿ ಬಳಸದೆ ಹೇಳಿ. ಡಿಗ್ರಿ ಬೇಕೋ, ಬೇಡವೋ?

ಯಾವ ಕೆಲಸ ಬೇಕು ಎಂದು ನೀವು ಹೇಳಿದರೆ ನಾನು ಒಂದೇ ಮಾತಿನಲ್ಲಿ ಹೇಳಬಲ್ಲೆ. ಕೆಲಸದ ಹೆಸರು ಹೇಳದೆ ‘ಒಳ್ಳೆಯ ಭವಿಷ್ಯ’ ಎಂದಷ್ಟೇ ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ಡಿಗ್ರಿ ಎಂದರೆ ಕೆಲವು ಹುದ್ದೆಗಳಿಗೆ ಅರ್ಜಿ ಹಾಕುವ ಅರ್ಹತೆ. ಆ ಹುದ್ದೆ ನಿಮಗೆ ಬೇಕಿದ್ದರೆ ಡಿಗ್ರಿ ಮಾಡಲೇಬೇಕು, ಬೇಡವಾದರೆ ಆ ಮೂರ್ನಾಲ್ಕು ವರ್ಷವನ್ನು ಬೇರೆ ಕಲಿಕೆಗೆ ಕೊಡಬಹುದು.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಒಂದೇ. ನಿಮಗೆ ಇಷ್ಟವಾದ ಮೂರು ಕೆಲಸಗಳ ಹಿಂದಿನ ನೇಮಕಾತಿ ಅಧಿಸೂಚನೆಗಳನ್ನು ತೆರೆದು ‘ವಿದ್ಯಾರ್ಹತೆ’ ಎಂಬ ಕಾಲಂ ಓದಿ. ‘ಅಥವಾ ತತ್ಸಮಾನ’ ಎಂಬ ಎರಡು ಪದಗಳು ಎಲ್ಲಿವೆ, ಎಲ್ಲಿಲ್ಲ ಎಂಬುದನ್ನೂ ಗಮನಿಸಿ. ಅರ್ಧ ಗಂಟೆ ಸಾಕು. ಈ ಅರ್ಧ ಗಂಟೆಯನ್ನು ಕೊಡದೆ ಮೂರು ವರ್ಷ ಕೊಟ್ಟುಬಿಡುವ ಮಕ್ಕಳನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಡಿಗ್ರಿ ಇಲ್ಲದೆ ಒಳಗೆ ಕಾಲಿಡಲೂ ಆಗದ ಕೆಲಸಗಳು ಯಾವುವು?

ವೈದ್ಯರು, ವಕೀಲರು, ಪ್ರೌಢಶಾಲೆ ಮತ್ತು ಕಾಲೇಜಿನ ಅಧ್ಯಾಪಕರು ಎಂಬುದು ಎಲ್ಲರಿಗೂ ಗೊತ್ತು. ಐಎಎಸ್, ಕೆಎಎಸ್, ಪಿಎಸ್‌ಐ, ಪಿಡಿಒ, ಪ್ರಥಮ ದರ್ಜೆ ಸಹಾಯಕ ಹುದ್ದೆಗಳಿಗೂ ಪದವಿ ಬೇಕು. ಬ್ಯಾಂಕಿನ ಕ್ಲರ್ಕ್ ಹುದ್ದೆಗೂ ಪದವಿ ಬೇಕು ಎಂಬುದು ಅನೇಕ ಪೋಷಕರಿಗೆ ತಿಳಿದಿರುವುದಿಲ್ಲ. ತಮ್ಮ ಕಾಲದ ನೆನಪಿನಲ್ಲಿ ‘ಪಿಯುಸಿ ಆದರೆ ಬ್ಯಾಂಕ್ ಸೇರಬಹುದು’ ಎನ್ನುತ್ತಾರೆ. ಈಗ ಹಾಗಿಲ್ಲ.

ಈ ಹುದ್ದೆಗಳ ಪೈಕಿ ಹೆಚ್ಚಿನವು ಯಾವ ವಿಷಯದ ಪದವಿ ಎಂದು ಕೇಳುವುದಿಲ್ಲ ಎಂಬುದು ಇನ್ನೊಂದು ಮುಖ್ಯ ಸಂಗತಿ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ ಸಾಕು, ಇಷ್ಟೇ ಅಂಕ ಬಂದಿರಬೇಕೆಂಬ ಷರತ್ತೂ ಇಲ್ಲ. ಐಎಎಸ್ ಆಸೆಗಾಗಿ ಲಕ್ಷಾಂತರ ರೂಪಾಯಿ ಕೊಟ್ಟು ಬಿಇ ಸೇರುವ ಅಗತ್ಯವಿಲ್ಲ. ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿಎ ಕೂಡ ಅದೇ ಅರ್ಹತೆಯನ್ನು ಕೊಡುತ್ತದೆ.

ಹಾಗಾದರೆ ಡಿಗ್ರಿ ಇಲ್ಲದವರಿಗೆ ಸರ್ಕಾರಿ ಕೆಲಸವೇ ಇಲ್ಲವೇ?

ಬೇಕಾದಷ್ಟಿವೆ. ದ್ವಿತೀಯ ದರ್ಜೆ ಸಹಾಯಕ, ಗ್ರಾಮ ಆಡಳಿತ ಅಧಿಕಾರಿ, ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗಳಿಗೆ ಪಿಯುಸಿ ಸಾಕು. ಸಶಸ್ತ್ರ ಪೊಲೀಸ್ ಕಾನ್‌ಸ್ಟೆಬಲ್‌ಗೆ, ವಿದ್ಯುತ್ ಕಂಪನಿಗಳ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು. ಪವರ್‌ಮ್ಯಾನ್‌ಗೆ ಕಂಬ ಹತ್ತುವುದೂ ಸೇರಿದಂತೆ ದೈಹಿಕ ಪರೀಕ್ಷೆ ಇರುತ್ತದೆ. ಗ್ರಾಮೀಣ ಡಾಕ್ ಸೇವಕ್ ನೇಮಕಾತಿ ಹತ್ತನೇ ತರಗತಿಯ ಅಂಕಗಳ ಮೇಲೆಯೇ ನಡೆಯುತ್ತದೆ, ಪ್ರತ್ಯೇಕ ಪರೀಕ್ಷೆಯಿಲ್ಲ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆಗೆ ಐಟಿಐ ಅಥವಾ ಎಂಜಿನಿಯರಿಂಗ್ ಡಿಪ್ಲೊಮಾ ಬೇಕು. ಏಳನೇ ವೇತನ ಆಯೋಗದ ಪ್ರಕಾರ ಅದರ ಆರಂಭಿಕ ಮೂಲವೇತನ 19,900 ರೂಪಾಯಿ, ಭತ್ಯೆಗಳು ಬೇರೆ. ಲೋಕೋಪಯೋಗಿಯಂಥ ಇಲಾಖೆಗಳ ಕಿರಿಯ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾದವರು ಅರ್ಜಿ ಹಾಕಬಹುದು.

ಕೆಲಸಕ್ಕೆ ಸೇರಿದ ಮೇಲೆ ಓದು ನಿಲ್ಲಬೇಕೆಂದೇನೂ ಇಲ್ಲ. ಪಿಯುಸಿ ಮುಗಿಸಿ ಕಾನ್‌ಸ್ಟೆಬಲ್ ಆದ ಹುಡುಗರು ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಮಾಡಿಕೊಂಡು, ಸೇವಾನಿರತರಿಗೆ ಮೀಸಲಿಟ್ಟ ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಬರೆಯುತ್ತಾರೆ. ಕೈಯಲ್ಲಿ ಸಂಬಳವಿದ್ದು ಓದುವ ಈ ದಾರಿ ನನಗೆ ತುಂಬ ಹಿಡಿಸಿದೆ.

ಡಿಗ್ರಿ ಮುಗಿಸಿದವರೇ ಖಾಲಿ ಕುಳಿತಿದ್ದಾರೆ. ಮತ್ತೆ ನಾವೇಕೆ ಓದಬೇಕು?

ಕುಳಿತಿರುವುದು ನಿಜ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ಪ್ರಕಟಿಸಿದ ದೇಶದ ಉದ್ಯೋಗ ಸ್ಥಿತಿಯ ವರದಿಯ ಪ್ರಕಾರ, ಕೆಲಸ ಬಯಸುವ 25ರೊಳಗಿನ ಪದವೀಧರರಲ್ಲಿ ಶೇ 42ರಷ್ಟು ಮಂದಿಗೆ ಕೆಲಸವಿರಲಿಲ್ಲ. ಕರ್ನಾಟಕ ಸರ್ಕಾರದ ಯುವನಿಧಿ ಯೋಜನೆ ಹುಟ್ಟಿದ್ದೂ ಈ ಕಾರಣಕ್ಕೇ. 2022-23ರಲ್ಲಿ ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಭತ್ಯೆ ಕೊಡುವುದಾಗಿ ಅದು ಆರಂಭವಾಯಿತು.

ಆದರೆ ಅದೇ ವರದಿಯ ಇನ್ನೊಂದು ಅಂಕಿಯನ್ನು ಯಾರೂ ಹೇಳುವುದಿಲ್ಲ. 35 ದಾಟಿದ ಪದವೀಧರರಲ್ಲಿ ನಿರುದ್ಯೋಗ ಶೇ 5ಕ್ಕಿಂತ ಕಡಿಮೆ. ಅಂದರೆ ಕೊನೆಗೆ ಬಹುತೇಕರು ಏನೋ ಒಂದು ಕೆಲಸ ಹಿಡಿಯುತ್ತಾರೆ. ನಷ್ಟವಾಗುವುದು ನಡುವಿನ ವರ್ಷಗಳು. ಆ ಕೆಲಸ ಓದಿದ ಓದಿಗೆ ತಕ್ಕದ್ದೇ ಎಂಬುದು ಬೇರೆ ಪ್ರಶ್ನೆ.

ಆ ನಡುವಿನ ವರ್ಷಗಳನ್ನು ನೋಡಬೇಕೆಂದರೆ ಧಾರವಾಡದ ಸಪ್ತಾಪುರಕ್ಕೆ ಹೋಗಿ. ಕೋಚಿಂಗ್ ಕೇಂದ್ರಗಳು, ಪಿಜಿಗಳು, ವಾಚನಾಲಯಗಳು ಒತ್ತೊತ್ತಾಗಿವೆ. ಬೆಳಿಗ್ಗೆ ಬಂದು ಕುಳಿತವರು ರಾತ್ರಿ ದೀಪ ಆರಿಸುವವರೆಗೆ ಅಲ್ಲೇ ಇರುತ್ತಾರೆ. ಮೇಜಿನ ಮೇಲೆ ಪ್ರಚಲಿತ ವಿದ್ಯಮಾನಗಳ ಮಾಸಿಕ, ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್, ನೀರಿನ ಬಾಟಲಿ. ಉತ್ತರ ಕರ್ನಾಟಕದ ಅತ್ಯಂತ ಶ್ರಮಜೀವಿ ಮಕ್ಕಳು ಇವರು. ಶ್ರಮಕ್ಕೆ ಕೊರತೆಯಿಲ್ಲ, ಕೈಲಿಲ್ಲದ್ದು ಕಾಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಮತ್ತೆ ಅದೇ ಪುಸ್ತಕ ಹಿಡಿದು ಕುಳಿತರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಆದ್ದರಿಂದ ನಾನು ಹೇಳುವುದಿಷ್ಟು: ಸರ್ಕಾರಿ ಕೆಲಸಕ್ಕೆ ಪ್ರಯತ್ನಿಸಿ, ಆದರೆ ಎಷ್ಟು ವರ್ಷ ಎಂದು ಮೊದಲೇ ಮನೆಯಲ್ಲಿ ಕುಳಿತು ನಿಗದಿ ಮಾಡಿಕೊಳ್ಳಿ. ಡಿಗ್ರಿಯ ಮೂರು ವರ್ಷದಲ್ಲೇ ಟ್ಯಾಲಿ, ಜಿಎಸ್‌ಟಿ ಲೆಕ್ಕ, ಇಂಗ್ಲಿಷ್ ಪತ್ರವ್ಯವಹಾರ, ವಾಹನ ಚಾಲನೆ ಹೀಗೆ ಏನಾದರೂ ಒಂದನ್ನು ದುಡಿಯುವ ಮಟ್ಟಕ್ಕೆ ಕಲಿತಿರಿ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಆರು ಸೆಮಿಸ್ಟರ್‌ಗಳನ್ನು ಗೈಡ್ ಓದಿ ದಾಟಿದ ಡಿಗ್ರಿ ಮಾತ್ರ ನಿಮ್ಮನ್ನು ಕಾಪಾಡುವುದಿಲ್ಲ.

ಮಗನಿಗೆ ಹತ್ತನೇ ತರಗತಿಯಲ್ಲಿ ಶೇ 80 ಬಂದಿದೆ. ಐಟಿಐ ಅಥವಾ ಡಿಪ್ಲೊಮಾ ಸೇರಿಸಿದರೆ ಜನ ಏನೆನ್ನುತ್ತಾರೆ?

ಜನ ಏನಾದರೂ ಅನ್ನುತ್ತಾರೆ. ಐಟಿಐ ಎಂದರೆ ಫೇಲಾದವರ ಜಾಗ ಎಂಬ ಮಾತು ನಮ್ಮಲ್ಲಿ ಎಷ್ಟು ಮಕ್ಕಳ ದಾರಿ ತಪ್ಪಿಸಿದೆಯೋ ಲೆಕ್ಕವಿಲ್ಲ. ಬುದ್ಧಿವಂತ ಹುಡುಗನೇ ಆ ಕೆಲಸಕ್ಕೆ ಬೇಕು.

ಫಿಟ್ಟರ್ ವಿಭಾಗದ ಮೊದಲ ವಾರಗಳನ್ನು ನೋಡಿ. ಕಬ್ಬಿಣದ ಒಂದು ತುಂಡನ್ನು ಬೆಂಚ್ ವೈಸ್‌ಗೆ ಕಚ್ಚಿಸಿ, ಅರದಿಂದ ಉಜ್ಜಿ ಮೇಲ್ಮೈಯನ್ನು ಸಮತಟ್ಟು ಮಾಡಬೇಕು. ಕೇಳಲು ಸುಲಭ. ಉಜ್ಜುವಾಗ ಕೈ ಸ್ವಲ್ಪ ತೂಗಿದರೂ ನಡುಭಾಗ ಉಬ್ಬಿ ಅಂಚುಗಳು ಸವೆಯುತ್ತವೆ. ಟ್ರೈಸ್ಕ್ವೇರ್ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಕಂಡರೆ ಮತ್ತೆ ಉಜ್ಜಬೇಕು. ಆಮೇಲೆ ವರ್ನಿಯರ್ ಕ್ಯಾಲಿಪರ್‌ನಲ್ಲಿ 0.02 ಮಿಲಿಮೀಟರ್‌ವರೆಗಿನ ಅಳತೆ. ಅಂಗೈ ಬೊಬ್ಬೆ ಬರುವ ಈ ಅಭ್ಯಾಸದಿಂದಲೇ ಅಳತೆಯ ಶಿಸ್ತು ಮೈಗೂಡುತ್ತದೆ. ಮುಂದೆ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದ ಮುಂದೆ ನಿಂತಾಗ ಆ ಶಿಸ್ತಿಗೇ ಸಂಬಳ.

ಕರ್ನಾಟಕದಲ್ಲಿ ಈ ದಾರಿಗೆ ಒಳ್ಳೆಯ ಸಂಸ್ಥೆಗಳಿವೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಈಗ ಮೈಸೂರು, ಬೆಳಗಾವಿ, ಕಲಬುರಗಿ ಸೇರಿದಂತೆ ಹಲವು ಊರುಗಳಲ್ಲಿದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಎಸ್ಸೆಸ್ಸೆಲ್ಸಿ ಸಾಕು. ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಬಡ ಕುಟುಂಬಗಳ ಗ್ರಾಮೀಣ ಮಕ್ಕಳನ್ನು ಹತ್ತನೇ ತರಗತಿಯ ನಂತರ ಆಯ್ದು, ವಸತಿಯೊಂದಿಗೆ ಮೂರು ವರ್ಷ ತರಬೇತಿ ಕೊಡುತ್ತಿದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಯಿತು.

ಎಲ್ಲ ಐಟಿಐಗಳೂ ಹೀಗಿಲ್ಲ. ಸೇರುವ ಮುನ್ನ ವರ್ಕ್‌ಶಾಪ್ ಒಳಗೆ ಹೋಗಿ ನೋಡಲೇಬೇಕು. ಲೇತ್ ಯಂತ್ರದ ಕೆಳಗೆ ಲೋಹದ ಸುರುಳಿಗಳು ಬಿದ್ದಿವೆಯೇ, ಕೂಲಂಟ್ ಎಣ್ಣೆಯ ವಾಸನೆ ಇದೆಯೇ? ಇದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ. ಯಂತ್ರದ ಮೇಲೆ ಹೊದಿಕೆ, ಹೊದಿಕೆಯ ಮೇಲೆ ಧೂಳು ಇದ್ದರೆ ಮುಂದಿನ ಊರಿಗೆ ಹೋಗಿ.

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಪೀಣ್ಯ, ಬಿಡದಿ, ನರಸಾಪುರದ ಕಾರ್ಖಾನೆಗಳಲ್ಲಿ ಮೊದಲ ಕೆಲವು ವರ್ಷ ಹೆಚ್ಚಿನವರಿಗೆ ಟ್ರೈನಿ ಅಥವಾ ಗುತ್ತಿಗೆಯ ಕೆಲಸವೇ ಸಿಗುವುದು. ಪಾಳಿ ಕೆಲಸ, ಹಂಚಿಕೊಂಡ ಕೋಣೆ, ಕಡಿಮೆ ಸಂಬಳ. ಆ ಅವಧಿಯಲ್ಲಿ ಒಂದು ವಿಶೇಷ ಕೌಶಲ ಸಂಪಾದಿಸಿಕೊಂಡವರು ಮೇಲೇರುತ್ತಾರೆ. ಸಂಪಾದಿಸದವರು ಅಲ್ಲೇ ಉಳಿಯುತ್ತಾರೆ. ಎಚ್‌ಎಎಲ್, ಬಿಇಎಲ್, ರೈಲ್ವೆಯಂಥ ಕಡೆ ಅಪ್ರೆಂಟಿಸ್ ಆಗುವ ಅವಕಾಶ ಸಿಕ್ಕರೆ ಬಿಡಬೇಡಿ.

ಮೇಲಿನ ಓದಿನ ದಾರಿಯೂ ಮುಚ್ಚುವುದಿಲ್ಲ. ಐಟಿಐ ಆದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಆದವರಿಗೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ.

ಎರಡು ಎಕರೆ ಮಾರಿ ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಬಿಇ ಓದಿಸಬಹುದೇ?

ದಯವಿಟ್ಟು ಬೇಡ. ಇಷ್ಟು ಖಚಿತವಾಗಿ ನಾನು ಬೇರೆ ಯಾವ ಪ್ರಶ್ನೆಗೂ ಉತ್ತರಿಸುವುದಿಲ್ಲ.

ಜಮೀನು ಮಾರದೆ ಸಾಲ ಮಾಡಿದರೆ ಏನಾಗುತ್ತದೆ, ಆ ಲೆಕ್ಕವನ್ನೇ ನೋಡಿ. 10 ಲಕ್ಷ ರೂಪಾಯಿ ಸಾಲ, ಶೇ 10 ಬಡ್ಡಿ, ಏಳು ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 16,600 ರೂಪಾಯಿ. ಓದುವ ನಾಲ್ಕು ವರ್ಷದಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಹೊಸಬರಿಗೆ ಕೊಡುತ್ತ ಬಂದಿರುವ ಸಾಮಾನ್ಯ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಕಂತು ಕಟ್ಟಿದ ಮೇಲೆ ಬೆಂಗಳೂರಿನಲ್ಲಿ ಬಾಡಿಗೆ, ಊಟಕ್ಕೆ ಏನುಳಿಯುತ್ತದೆ? ಅದೂ ಕೆಲಸ ಸಿಕ್ಕವರ ಮಾತು.

ಸಿಇಟಿಯಲ್ಲಿ ಒಳ್ಳೆಯ ಕಾಲೇಜಿನ ಸರ್ಕಾರಿ ಸೀಟು ಸಿಕ್ಕರೆ ಓದಿಸಿ. ಸಿಗದಿದ್ದರೆ ಬಿಎಸ್ಸಿ, ಬಿಸಿಎ ಇವೆ, ಡಿಪ್ಲೊಮಾ ಮೂಲಕ ಬರುವ ದಾರಿಯಿದೆ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿಯಲ್ಲಿ ಪದವಿಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿಯಾಗಿತ್ತು. ಸರ್ಕಾರಿ ಕಾಲೇಜಿನ ಶುಲ್ಕಕ್ಕೆ ಅದು ದೊಡ್ಡ ಆಸರೆ. ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಜಾತಿ, ಆದಾಯ ಪ್ರಮಾಣಪತ್ರದ ಹೆಸರು ಆಧಾರ್‌ಗೆ ಹೊಂದುತ್ತದೆಯೇ ನೋಡಿಕೊಳ್ಳಿ. ಒಂದು ಅಕ್ಷರದ ವ್ಯತ್ಯಾಸಕ್ಕೂ ಅರ್ಜಿ ನಿಂತುಬಿಡುತ್ತದೆ.

ಮಗಳನ್ನು ಡಿಗ್ರಿ ಓದಿಸಿ ಏನು ಪ್ರಯೋಜನ? ಹೇಗಿದ್ದರೂ ಮದುವೆ ಮಾಡಬೇಕಲ್ಲ.

ಹುಡುಗರಿಗೆ ‘ಡಿಗ್ರಿ ಇಲ್ಲದೆಯೂ ನಡೆಯುತ್ತದೆ’ ಎಂದು ಹೇಳುವ ನಾನು, ಹುಡುಗಿಯರ ವಿಷಯದಲ್ಲಿ ಆ ಮಾತನ್ನು ಸುಲಭವಾಗಿ ಆಡುವುದಿಲ್ಲ. ಹಳ್ಳಿಯ ಹುಡುಗಿ ಪಿಯುಸಿಗೆ ಓದು ನಿಲ್ಲಿಸಿದರೆ ಮರುತಿಂಗಳೇ ಗಂಡು ನೋಡಲು ಶುರುಮಾಡುತ್ತಾರೆ. ಕಾಲೇಜಿಗೆ ಹೋಗುವ ಮೂರು ವರ್ಷ ಅವಳಿಗೆ ಸಿಗುವ ಕಾಲ. ಆ ಕಾಲದಲ್ಲಿ ಅವಳು ಒಬ್ಬಳೇ ಬಸ್ಸಿನಲ್ಲಿ ಓಡಾಡುತ್ತಾಳೆ, ಬ್ಯಾಂಕಿನಲ್ಲಿ ತನ್ನ ಖಾತೆ ನೋಡಿಕೊಳ್ಳುತ್ತಾಳೆ, ತನ್ನ ಅಭಿಪ್ರಾಯ ಹೇಳಲು ಕಲಿಯುತ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಪ್ರಯಾಣ ಹೆಣ್ಣುಮಕ್ಕಳಿಗೆ ಉಚಿತವಾಗಿದೆ. ‘ದಿನಾ ಬಸ್ ಚಾರ್ಜ್ ಯಾರು ಕೊಡುತ್ತಾರೆ’ ಎಂಬ ನೆಪವೂ ಈಗಿಲ್ಲ.

ಮದುವೆಯಾದ ಮೇಲೆ ಮಕ್ಕಳು, ಮನೆ ಎಂದು ಹತ್ತು ವರ್ಷ ಕಳೆದು ಮತ್ತೆ ಕೆಲಸ ಹುಡುಕುವ ಹೆಣ್ಣುಮಗಳಿಗೆ ಅನುಭವ ಪತ್ರ ಇರುವುದಿಲ್ಲ. ಅವಳ ಕೈಯಲ್ಲಿ ಉಳಿಯುವುದು ಪದವಿಯ ಅಂಕಪಟ್ಟಿ ಒಂದೇ. ಅದಿದ್ದರೆ ಬಿಎಡ್ ಮಾಡಬಹುದು, ಖಾಸಗಿ ಶಾಲೆಗೆ ಅರ್ಜಿ ಹಾಕಬಹುದು. ನರ್ಸಿಂಗ್ ಅಥವಾ ಪ್ಯಾರಾಮೆಡಿಕಲ್ ಡಿಪ್ಲೊಮಾ ಕೂಡ ಇಷ್ಟೇ ಗಟ್ಟಿಯಾದ ಆಯ್ಕೆ. ಯಾವುದಾದರೂ ಸರಿ, ಪಿಯುಸಿಗೆ ಮಾತ್ರ ನಿಲ್ಲಿಸಬೇಡಿ.

ಸಾಫ್ಟ್‌ವೇರ್ ಕಂಪನಿಗಳು ಈಗ ಡಿಗ್ರಿ ಕೇಳುವುದಿಲ್ಲವಂತೆ, ನಿಜವೇ?

ಅರ್ಧ ನಿಜ. ಜೋಹೊ ಕಂಪನಿ ಪಿಯುಸಿ, ಡಿಪ್ಲೊಮಾ ಮುಗಿಸಿದ ಮಕ್ಕಳನ್ನು ಆಯ್ದು, ತಿಂಗಳ ಭತ್ಯೆ ಕೊಟ್ಟು, ತಮಿಳುನಾಡಿನ ತನ್ನ ಕೇಂದ್ರಗಳಲ್ಲಿ ಕಲಿಸಿ ಕೆಲಸ ಕೊಡುತ್ತದೆ. ಎಚ್‌ಸಿಎಲ್‌ನ ಟೆಕ್‌ಬೀ ಕಾರ್ಯಕ್ರಮ ಪಿಯುಸಿ ಮುಗಿಸಿದವರಿಗೆ ತರಬೇತಿ, ಕೆಲಸ ಕೊಟ್ಟು ಜೊತೆಯಲ್ಲೇ ಪದವಿ ಓದಲು ಅನುವು ಮಾಡುತ್ತದೆ. ವಿಪ್ರೊ ಬಿಸಿಎ, ಬಿಎಸ್ಸಿ ಆದವರನ್ನು ಸೇರಿಸಿಕೊಂಡು ಕೆಲಸದ ಜೊತೆಗೇ ಎಂಟೆಕ್ ಓದಿಸುತ್ತದೆ. ಇವನ್ನು ಗಮನಿಸಿ: ಡಿಗ್ರಿ ಕೇಳದೆ ಸೇರಿಸಿಕೊಂಡರೂ ಕೆಲವೆಡೆ ಆಮೇಲೆ ಡಿಗ್ರಿ ಮಾಡಿಸುತ್ತಾರೆ.

ಇನ್ನರ್ಧ ಏನೆಂದರೆ, ಕಾಲೇಜು ಕ್ಯಾಂಪಸ್ಸಿಗೆ ಬರುವ ಬಹುತೇಕ ಕಂಪನಿಗಳು ಇಂದಿಗೂ ಡಿಗ್ರಿಯನ್ನೇ ಮೊದಲ ಜರಡಿಯಾಗಿ ಬಳಸುತ್ತವೆ. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗೆ ಎಲ್ಲದರಲ್ಲೂ ಶೇ 60 ಇರಬೇಕೆಂದು ಕೇಳುವವರೂ ಇದ್ದಾರೆ. ಸಣ್ಣ ಕಂಪನಿಗಳು ನೀವು ಮಾಡಿದ ಕೆಲಸ ನೋಡುತ್ತವೆ. ಆದರೆ ಅಲ್ಲಿಗೆ ತಲುಪಲು ಪರಿಚಯ ಬೇಕು. ನಗರದಲ್ಲಿ ಬೆಳೆದ ಹುಡುಗನಿಗೆ ಆ ಪರಿಚಯ ಇರುತ್ತದೆ, ಇಂಡಿ ತಾಲ್ಲೂಕಿನ ಹುಡುಗನಿಗೆ ಇರುವುದಿಲ್ಲ. ‘ಡಿಗ್ರಿ ಬೇಡ’ ಎಂಬ ಮಾತನ್ನು ಹೆಚ್ಚಾಗಿ ಆಡುವವರು ಯಾರೆಂದು ನೋಡಿ, ಅವರ ಮನೆಯಲ್ಲಿ ಎಷ್ಟು ಡಿಗ್ರಿಗಳಿವೆ ಎಂದೂ ನೋಡಿ.

ಮನೆಯಲ್ಲೇ ಇದ್ದು ಓದುವವರಿಗೆ ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಆನ್‌ಲೈನ್ ಪದವಿ ಇದೆ. ಜೆಇಇ ಬೇಕಿಲ್ಲ, ಅವರದೇ ಅರ್ಹತಾ ಪರೀಕ್ಷೆ ಸಾಕು. ಮಧ್ಯದಲ್ಲಿ ನಿಲ್ಲಿಸಿದರೂ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಸಿಗುತ್ತದೆ. ಕಷ್ಟದ ಓದು, ಆದರೆ ನಿಜವಾದ ಓದು. ಆರು ತಿಂಗಳಲ್ಲಿ ಕೆಲಸದ ಗ್ಯಾರಂಟಿ ಎಂದು ಲಕ್ಷ ರೂಪಾಯಿ ಕೇಳುವ ತರಬೇತಿ ಕೇಂದ್ರಗಳಿಗೆ ಹಣ ಕಟ್ಟುವ ಮೊದಲು ಕಳೆದ ತಂಡದ ಐದು ಜನರ ಜೊತೆ ನೀವೇ ಮಾತನಾಡಿ.

ಸಿಎ ಆಗಲು ಬಿಕಾಂ ಬೇಕೇ?

ಬೇಡ. ಪಿಯುಸಿ ನಂತರ ಫೌಂಡೇಶನ್, ಇಂಟರ್‌ಮೀಡಿಯೆಟ್, ಸಿಎ ಒಬ್ಬರ ಬಳಿ ಎರಡು ವರ್ಷ ಕೆಲಸ ಕಲಿಯುವ ಆರ್ಟಿಕಲ್‌ಶಿಪ್, ಫೈನಲ್. ಸಿಎ ಅನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2021ರಲ್ಲಿ ಪರಿಗಣಿಸಿತು. ಆದರೂ ಜೊತೆಗೊಂದು ಬಿಕಾಂ ಇಟ್ಟುಕೊಳ್ಳಿ, ಏಕೆಂದರೆ ಸಿಎ ಪರೀಕ್ಷೆ ಅರ್ಧಕ್ಕೆ ನಿಂತರೆ ಕೈಯಲ್ಲಿ ಪಿಯುಸಿ ಮಾತ್ರ ಉಳಿಯುತ್ತದೆ.

ಸ್ವಂತ ವ್ಯಾಪಾರಕ್ಕೆ ಡಿಗ್ರಿ ಏಕೆ?

ಹೋಟೆಲಿಗೆ, ಕಿರಾಣಿ ಅಂಗಡಿಗೆ ಬೇಡ. ಆದರೆ ಮೆಡಿಕಲ್ ಶಾಪ್‌ಗೆ ನೋಂದಾಯಿತ ಫಾರ್ಮಸಿಸ್ಟ್ ಇರಲೇಬೇಕು, ಅದಕ್ಕೆ ಕನಿಷ್ಠ ಎರಡು ವರ್ಷದ ಡಿಫಾರ್ಮ. ಹಳ್ಳಿಯಲ್ಲಿ ಕೀಟನಾಶಕ ಮಾರಲು ಸಹ ಈಗ ಕೃಷಿ ಅಥವಾ ವಿಜ್ಞಾನದ ಓದು ಕೇಳುತ್ತಾರೆ. ಹಳೆಯ ವ್ಯಾಪಾರಿಗಳೂ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾಕ್ಕೆ ಹೋಗಿ ಕುಳಿತುಕೊಳ್ಳುತ್ತಿದ್ದಾರೆ. ಉಳಿದ ಸಣ್ಣ ಉದ್ಯಮಗಳಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಉಚಿತ ವಸತಿ ತರಬೇತಿ, ಅದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಕೇಂದ್ರಗಳು ಒಳ್ಳೆಯ ಆರಂಭ ಕೊಡುತ್ತವೆ.

ವಿದೇಶಕ್ಕೆ ಹೋಗಬೇಕು ಎಂದರೆ?

ಇಲ್ಲಿ ಡಿಗ್ರಿಯ ತೂಕ ಹೆಚ್ಚು. ಅಮೆರಿಕದ ಎಚ್-1ಬಿ ವೀಸಾಕ್ಕೆ ಕೆಲಸಕ್ಕೆ ಸಂಬಂಧಿಸಿದ ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆ ಬೇಕು. ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ತಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಹೊರದೇಶದಲ್ಲಿ ಎಂಎಸ್ ಮಾಡುವವರು, ಆ ವಿಶ್ವವಿದ್ಯಾಲಯ ಮೂರು ವರ್ಷದ ಪದವಿಯನ್ನು ಒಪ್ಪುತ್ತದೆಯೇ ಎಂದು ಈಗಲೇ ಕೇಳಿಕೊಳ್ಳಬೇಕು. ಜರ್ಮನಿ ಮಾತ್ರ ಸ್ವಲ್ಪ ಬೇರೆ. 2024ರ ಜೂನ್‌ನಲ್ಲಿ ಜಾರಿಗೆ ಬಂದ ಅದರ ‘ಆಪರ್ಚುನಿಟಿ ಕಾರ್ಡ್’ಗೆ ಪದವಿ ಇಲ್ಲದಿದ್ದರೂ, ನಮ್ಮ ದೇಶದಲ್ಲಿ ಮಾನ್ಯವಾದ ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ ಇದ್ದರೆ ಅರ್ಜಿ ಹಾಕಬಹುದು. ಭಾಷೆ, ಹಣದ ಷರತ್ತುಗಳು ಬೇರೆ ಇವೆ.

ಬಿಇ ಅರ್ಧಕ್ಕೆ ಬಿಟ್ಟಿದ್ದೇನೆ, ಬ್ಯಾಕ್ ಸಬ್ಜೆಕ್ಟ್‌ಗಳಿವೆ. ಇನ್ನು ನನ್ನ ಕಥೆ ಮುಗಿಯಿತೇ?

ಖಂಡಿತ ಇಲ್ಲ. ನಿಮ್ಮ ಪಿಯುಸಿ ಅಂಕಪಟ್ಟಿ ಹಾಗೇ ಇದೆ. ಅದರ ಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ, ಬಿಕಾಂ ಸೇರಿ ಮೂರು ವರ್ಷದಲ್ಲಿ ಪದವೀಧರರಾಗಬಹುದು. ಅಷ್ಟರಲ್ಲಿ ಯಾವುದಾದರೂ ಕೆಲಸಕ್ಕೂ ಸೇರಿಕೊಳ್ಳಿ. ಒಂದೆರಡು ವಿಷಯ ಮಾತ್ರ ಉಳಿದಿದ್ದರೆ ಅವನ್ನೇ ಮುಗಿಸಿ. ಮನೆಯವರಿಗೆ ಹೇಳಲಾಗದೆ ಕೋಣೆಯಲ್ಲಿ ಕುಳಿತ ಮಕ್ಕಳಿದ್ದಾರೆ. ಇದನ್ನು ಓದುತ್ತಿರುವ ಪೋಷಕರಲ್ಲಿ ನನ್ನ ವಿನಂತಿ: ಮಗ ಫೇಲಾದ ವಿಷಯ ಹೇಳಿದ ದಿನ ಬೈಯಬೇಡಿ. ಅವನು ಹೇಳಿದನಲ್ಲ ಎಂದು ಮೊದಲು ಊಟ ಬಡಿಸಿ.

ದೂರಶಿಕ್ಷಣದ ಡಿಗ್ರಿ ನಡೆಯುತ್ತದೆಯೇ? ಮೋಸ ಹೋಗದಿರುವುದು ಹೇಗೆ?

ಯುಜಿಸಿ ಅನುಮತಿ ಇರುವ ಸಂಸ್ಥೆಯ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮಾನ. ಆದರೆ ಅನುಮತಿ ಯಾವ ವರ್ಷಕ್ಕೆ, ಯಾವ ಕೋರ್ಸಿಗೆ ಎಂದು ನೋಡಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ 2012-13ರ ನಂತರ ಮಾನ್ಯತೆ ತಪ್ಪಿ, 2018ರಲ್ಲಿ ಮತ್ತೆ ಸಿಕ್ಕಿತು. ನಡುವೆ ಸೇರಿದವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಂಚೆ ಮೂಲಕ ಎಂಜಿನಿಯರಿಂಗ್ ಪದವಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ತಾಂತ್ರಿಕ ಶಿಕ್ಷಣದ ಮಂಡಳಿಯಾದ ಎಐಸಿಟಿಇಯ ಅನುಮತಿಯಿಲ್ಲದ ಅಂಥ ಪದವಿಗಳ ವಿರುದ್ಧ ಸುಪ್ರೀಂ ಕೋರ್ಟ್ 2017ರಲ್ಲೇ ತೀರ್ಪು ನೀಡಿದೆ. ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ನೋಡಿ. ಗೋಕಾಕದ ಒಂದು ‘ವರ್ಲ್ಡ್ ಓಪನ್ ಯೂನಿವರ್ಸಿಟಿ’ಯ ಹೆಸರು ಅದರಲ್ಲಿ ವರ್ಷಗಟ್ಟಲೆ ಇತ್ತು. ಐಟಿಐ ಆದರೆ ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿಯ (ಎನ್‌ಸಿವಿಟಿ, ಈಗ ಎನ್‌ಸಿವಿಇಟಿ) ಮಾನ್ಯತೆ ಕೇಳಿ, ನರ್ಸಿಂಗ್ ಆದರೆ ನರ್ಸಿಂಗ್ ಕೌನ್ಸಿಲ್‌ನದು.

ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ರಾಜ್ಯದ ಹೆಚ್ಚಿನ ನೇಮಕಾತಿಗಳಲ್ಲಿ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದೊಳಗೆ ನೀವು ಪದವಿ ಪಾಸಾಗಿರಬೇಕು. ಫಲಿತಾಂಶ ಒಂದು ವಾರ ತಡವಾದರೂ ಆ ಹುದ್ದೆ ಕೈತಪ್ಪುತ್ತದೆ. ಫಲಿತಾಂಶ ಪ್ರಕಟವಾದ ದಿನಾಂಕವಿರುವ ಅಂಕಪಟ್ಟಿಯನ್ನು ಕಾಲೇಜಿನಿಂದ ತಕ್ಷಣ ಪಡೆದು, ಎರಡು ಪ್ರತಿ ಮಾಡಿಸಿ ಇಟ್ಟುಕೊಳ್ಳಿ.